ಪಾರ್ಕಿಂಗ್ ಮೂಲೆಯ ಕುರ್ಚಿ

ಓಲ್ಡ್ ಟೌನ್, ಭದ್ರಾವತಿ
೧೬ ಮೇ ೨೦೨೫

ರಿಜಿಸ್ಟರ್ಡ್ ಅಂಚೆ ಮೂಲಕ

ಮಾಲೀಕರಿಗೆ,
ಬೆಳಗು ಕಲ್ಯಾಣ ಮಂಟಪ,
ಸೋಗಾನೆ ರಸ್ತೆ, ಶಿವಮೊಗ್ಗ.

ಮಾನ್ಯರೇ,

ನನ್ನ ಹೆಸರು ಮೈತ್ರಿ. ಮದುವೆ ಹೆಣ್ಣುಗಳಿಗೆ ಅಲಂಕಾರ ಮಾಡುವುದು ನನ್ನ ಕಸುಬು. ಇದೇ ತಿಂಗಳ ಹನ್ನೊಂದನೇ ತಾರೀಖು, ಭಾನುವಾರ, ನಿಮ್ಮ ಮಂಟಪದಲ್ಲಿ ನಡೆದ ಮದುವೆಗೆ ಹೆಣ್ಣಿನ ಕಡೆಯವರು ನನ್ನನ್ನು ಕರೆಸಿದ್ದರು. ನಿಮ್ಮ ಪಾರ್ಕಿಂಗ್ ಜಾಗದ ಹಿಂದಿನ ಮೂಲೆಯಲ್ಲಿ, ಕಾಂಪೌಂಡ್ ಗೋಡೆಯ ಪಕ್ಕ, ಕಾರನ್ನು ರಿವರ್ಸ್ ತೆಗೆದುಕೊಂಡು ನಿಲ್ಲಿಸುತ್ತಿದ್ದೆ. ನೆಲಕ್ಕೆ ಹಾಸಿದ್ದ ಸಿಮೆಂಟ್ ಬಿಲ್ಲೆಗಳು ಒಮ್ಮೆಲೇ ಕುಸಿದವು. ಹಿಂದಿನ ಎಡಚಕ್ರ ಪೂರ್ತಿ ಗುಂಡಿಯೊಳಗೆ ಇಳಿಯಿತು. ಆಕ್ಸಲ್ ಬಾಗಿತು, ಸೈಲೆನ್ಸರ್ ಕಿತ್ತುಬಂತು, ಬಂಪರ್ ಒಡೆಯಿತು. ಒಳಗಿದ್ದ ನನ್ನ ಪೆಟ್ಟಿಗೆಗಳೆಲ್ಲ ಬೋರಲು ಬಿದ್ದು ಕುಂಕುಮ, ಪೌಡರು, ಕಾಡಿಗೆ ಒಂದಾದವು. ಹಾಗೇ ಇದ್ದುದರಲ್ಲಿ ಹುಡುಗಿಯನ್ನು ಸಿಂಗರಿಸಿ ಮುಹೂರ್ತಕ್ಕೆ ಕಳಿಸಿದೆ.

ನಿಮ್ಮ ಮ್ಯಾನೇಜರ್ ಸತೀಶ್ ಬಂದು ನೋಡಿ, "ಅಯ್ಯೋ, ಹೆಗ್ಗಣದ ಬಿಲ ಮೇಡಂ, ಅದಕ್ಕೆ ನಾವೇನ್ ಮಾಡೋಕಾಗುತ್ತೆ?" ಎಂದರು. ಹೆಗ್ಗಣವು ಆ ಗುಂಡಿಯಲ್ಲಿದ್ದಂಥ ಚಪ್ಪಡಿ ಕಲ್ಲು ಹೊದಿಸಿಕೊಂಡು ಬಿಲ ಕಟ್ಟುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಅವರು ಎತ್ತಿಲ್ಲ. ಅದಕ್ಕೇ ಈ ಕಾಗದ.

ಇದು ಮದುವೆಗಳ ಕಾಲ. ಕಾರಿಲ್ಲದೆ ಪೆಟ್ಟಿಗೆಗಳನ್ನು ಹೊತ್ತುಕೊಂಡು ಬಸ್ಸು ಹತ್ತುತ್ತಿದ್ದೇನೆ. ಒಪ್ಪಿಕೊಂಡ ಎರಡು ಮದುವೆ ಕೈಬಿಟ್ಟೆ. ರಿಪೇರಿ ಅಂದಾಜಿನ ಪಟ್ಟಿ ಲಗತ್ತಿಸಿದ್ದೇನೆ. ಹದಿನೈದು ದಿನದೊಳಗೆ ಪರಿಹಾರ ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ಮೈತ್ರಿ


ಬೆಳಗು ಕಲ್ಯಾಣ ಮಂಟಪ, ಶಿವಮೊಗ್ಗ
೨೨ ಮೇ ೨೦೨೫

ಮೈತ್ರಿಯವರಿಗೆ,

ನಿಮ್ಮ ಕಾಗದ ತಲುಪಿತು. ಮಂಟಪ ನನ್ನ ಹೆಸರಿನಲ್ಲಿದೆ, ಹಾಗಾಗಿ ಉತ್ತರವನ್ನೂ ನಾನೇ ಬರೆಯುತ್ತಿದ್ದೇನೆ.

ವಾಹನಗಳನ್ನು ಅವರವರ ಜವಾಬ್ದಾರಿಯಲ್ಲಿ ನಿಲ್ಲಿಸಬೇಕು ಎಂದು ಗೇಟಿನಲ್ಲೇ ದೊಡ್ಡ ಬೋರ್ಡು ಹಾಕಿದೆ. ಕನ್ನಡದಲ್ಲೇ ಇದೆ. ಓದಿಲ್ಲ ಎಂದು ಹೇಳುವ ಹಾಗಿಲ್ಲ.

ಇನ್ನೊಂದು ಮಾತು. ನೀವು ಹೇಳುವ ಮೂಲೆಯಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಕುರ್ಚಿ ಇರುತ್ತದೆ. ನಮ್ಮ ಯಜಮಾನರು ಏಕಾಂತಪ್ಪನವರು ಪ್ರತಿ ಮದುವೆಯ ದಿನವೂ ಬೆಳಿಗ್ಗೆಯಿಂದ ಕೊನೆಯ ಗಾಡಿ ಹೋಗುವವರೆಗೆ ಅಲ್ಲೇ ಕೂತಿರುತ್ತಿದ್ದರು. ಮಂಟಪದ ಮಾಲೀಕ ಎಂದು ಯಾರಾದರೂ ಒಳಗೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ, ಎಲೆಯನ್ನು ಅಲ್ಲಿಗೇ ತರಿಸಿಕೊಳ್ಳುತ್ತಿದ್ದರು. ಬಂದವರು ಅವರನ್ನು ಪಾರ್ಕಿಂಗ್ ಮಾವ ಎಂದು ತಮಾಷೆ ಮಾಡುತ್ತಿದ್ದರು, ನನಗೂ ನಾಚಿಕೆಯಾಗುತ್ತಿತ್ತು. ಆದರೆ ಅವರಿದ್ದಷ್ಟು ದಿನ ಆ ಮೂಲೆಯಲ್ಲಿ ಒಂದು ಸೈಕಲ್ಲೂ ನಿಂತದ್ದಿಲ್ಲ. ಜನವರಿಯಲ್ಲಿ ಅವರು ಲಿಂಗೈಕ್ಯರಾದರು. ಕುರ್ಚಿಯನ್ನು ನಾವು ತೆಗೆದಿಲ್ಲ.

ಕುರ್ಚಿ ಇದ್ದ ಜಾಗಕ್ಕೆ ನಿಮ್ಮ ಕಾರು ಹೇಗೆ ಹೋಯಿತು? ಕುರ್ಚಿ ತಾನೇ ಎದ್ದು ದಾರಿ ಬಿಟ್ಟಿತೇ? ಇದಕ್ಕೆ ಮೊದಲು ಉತ್ತರ ಹೇಳಿ.

ಇತಿ,
ಸುಭದ್ರಮ್ಮ ಏಕಾಂತಪ್ಪ


ಭದ್ರಾವತಿ
೨೭ ಮೇ ೨೦೨೫

ಸುಭದ್ರಮ್ಮನವರಿಗೆ,

ನಿಮ್ಮ ಯಜಮಾನರು ತೀರಿಕೊಂಡದ್ದಕ್ಕೆ ನನಗೆ ನಿಜವಾಗಿಯೂ ಬೇಸರವಾಯಿತು. ಆದರೆ ತೀರಿಕೊಂಡವರ ಕುರ್ಚಿ ಕಾವಲು ಕಾಯುತ್ತದೆ ಎಂದರೆ ಯಾವ ಆಯೋಗವೂ ಒಪ್ಪುವುದಿಲ್ಲ. ಆ ಮೂಲೆಯಲ್ಲಿ ಯಾವ ಕುರ್ಚಿಯೂ ಇರಲಿಲ್ಲ. ಇದ್ದಿದ್ದರೆ ನಾನು ಅಲ್ಲಿಗೆ ಏಕೆ ಹೋಗುತ್ತಿದ್ದೆ? ನಾನೇನು ಹುಚ್ಚಿಯೇ?

ಗಾಡಿ ಎಳೆಯುವವರು ಬಂದು ಕಾರನ್ನು ಮೇಲೆತ್ತಿದ ಕೂಡಲೇ ನಾನು ಗುಂಡಿಯ ಫೋಟೋ ತೆಗೆದಿದ್ದೇನೆ. ನಿಮ್ಮ ಸತೀಶ್ ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಮರಳು ಸುರಿಸಿ ಬಿಲ್ಲೆ ಜೋಡಿಸಿ ಏನೂ ಆಗದ ಹಾಗೆ ಮಾಡಿದರು. ಅವರ ಬುದ್ಧಿ ನನಗೂ ಇದೆ. ಫೋಟೋಗಳ ಪ್ರಿಂಟು ಹಾಕಿಸಿ ಇದರೊಂದಿಗೆ ಕಳಿಸಿದ್ದೇನೆ, ಕನ್ನಡಕ ಹಾಕಿಕೊಂಡು ನೋಡಿ. ಬಿಲ್ಲೆಯ ಕೆಳಗೆ ಹಳೆಯ ಚಪ್ಪಡಿ ಕಲ್ಲೊಂದಿದೆ, ಎರಡು ಹೋಳಾಗಿದೆ. ಅದರ ಕೆಳಗೆ ಗೋಡೆಯ ಗೂಡಿನ ಹಾಗೆ ಅಗೆದ ಪೊಳ್ಳು. ಅಂದರೆ ಅಲ್ಲೊಂದು ಗುಂಡಿ ಇರುವುದು ಕಟ್ಟಿಸಿದವರಿಗೆ ಗೊತ್ತಿತ್ತು. ಸರಿಯಾಗಿ ತುಂಬಿಸದೆ ಮೇಲೆ ಬಿಲ್ಲೆ ಹಾಸಿದ್ದೀರಿ. ಒಳಗೆ ಕಟ್ಟಡದ ಕಸ ಬೇರೆ. ಚೌಕಾಕಾರದ ಬಿಳಿ ಸುಣ್ಣದ ಗಟ್ಟಿಗಳು ರಾಶಿ ಬಿದ್ದಿವೆ, ಎರಡನೇ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಉಳಿದ ಸುಣ್ಣವನ್ನು ಗುಂಡಿಗೆ ಸುರಿದು ಮುಚ್ಚುವುದು ಯಾವ ಸೀಮೆಯ ಕೆಲಸ?

ಅಷ್ಟೇ ಅಲ್ಲ. ಓಲ್ಡ್ ಟೌನಿನಲ್ಲಿ ಗ್ಯಾರೇಜು ಇಟ್ಟಿರುವ ಭೀಮೇಶ್ ಬಂಪರ್ ಬಿಚ್ಚಿದಾಗ ಅದರ ಒಳಗೆ ಮಣ್ಣಿನ ಹೆಂಟೆಯ ಜೊತೆ ಒಂದು ಕಪ್ಪು ಕಲ್ಲು ಸಿಕ್ಕಿಕೊಂಡಿತ್ತು. ಕೆಳಗೆ ಚಪ್ಪಟೆ, ಮೇಲೆ ಗುಂಡಗೆ, ನೆಲ್ಲಿಕಾಯಿಯಷ್ಟು. ತೊಳೆದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. "ಚೆನ್ನಾಗಿದೆ ಅಲ್ವಾ ಮೈತ್ರಿ, ಇಟ್ಕೋ" ಎಂದು ಕೈಗೆ ಕೊಟ್ಟ. ಅದನ್ನೂ ಸಾಕ್ಷಿಗೆಂದು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡಿದ್ದೇನೆ. ಕಸ ತುಂಬಿದ ಗುಂಡಿಯಲ್ಲಿ ಇನ್ನೂ ಏನೇನು ಇದೆಯೋ, ಆಯೋಗದವರೇ ಬಂದು ಅಗೆಸಿ ನೋಡಲಿ.

ಮೈತ್ರಿ


ಶಿವಮೊಗ್ಗ
೩೧ ಮೇ ೨೦೨೫

ಮೈತ್ರಿಯವರೇ,

ಆ ಕಪ್ಪು ಕಲ್ಲು ಈಗ ಎಲ್ಲಿದೆ?

ಡ್ಯಾಶ್‌ಬೋರ್ಡಿನ ಮೇಲೆ ಬೇಡ. ದಯವಿಟ್ಟು ತೆಗೆದು ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿಡಿ. ನೆಲದ ಮೇಲೆ ಇಡಬೇಡಿ. ಯಾರ ಕೈಗೂ ಕೊಡಬೇಡಿ, ಆಟಕ್ಕೆ ಮಕ್ಕಳ ಕೈಗಂತೂ ಕೊಡಲೇಬೇಡಿ.

ಫೋಟೋಗಳನ್ನು ಎಲ್ಲಿಗೂ ಕೊಡಬೇಡಿ. ನಿಮ್ಮ ಪಟ್ಟಿಯಲ್ಲಿರುವುದೆಲ್ಲವನ್ನೂ ನಾನು ಕಟ್ಟಿಕೊಡುತ್ತೇನೆ, ಹೋದ ಮದುವೆಗಳದ್ದನ್ನೂ ಸೇರಿಸಿ ಹೇಳಿ. ಆ ಕಲ್ಲು ನನಗೆ ಬೇಕು.

ಫೋನ್ ಮಾಡಬೇಡಿ. ಮಂಟಪದ ಫೋನು ನನ್ನ ಮಗ ಮಲ್ಲಿಕ್ ಹತ್ತಿರ ಇರುತ್ತದೆ. ಕಾಗದವನ್ನು ಮನೆಯ ವಿಳಾಸಕ್ಕೆ, ನನ್ನ ಹೆಸರಿಗೇ ಬರೆಯಿರಿ. ವಿಳಾಸ ಹಿಂಬದಿಯಲ್ಲಿದೆ.

ಸುಭದ್ರಮ್ಮ


ಭದ್ರಾವತಿ
೬ ಜೂನ್ ೨೦೨೫

ಸುಭದ್ರಮ್ಮನವರೇ,

ಇದೇನಿದು? ಹೋದ ವಾರ ಬೋರ್ಡು ಓದಿ ಎಂದವರು ಈ ವಾರ ಎಲ್ಲ ಕಟ್ಟಿಕೊಡುತ್ತೇನೆ ಎನ್ನುತ್ತಿದ್ದೀರಿ. ಪರಿಹಾರ ಕೇಳಿದರೆ ಹೆಗ್ಗಣ, ಫೋಟೋ ಕಳಿಸಿದರೆ ಕೈತುಂಬ ದುಡ್ಡು. ಮಗನಿಗೂ ಗೊತ್ತಾಗಬಾರದು ಎಂದರೆ ನಾನು ಏನೆಂದು ತಿಳಿಯಬೇಕು? ಅಲ್ಲಿ ನಿಧಿ ಗಿಧಿ ಇದೆಯೇ? ವಿಮಾನ ನಿಲ್ದಾಣ ಬಂದ ಮೇಲೆ ಸೋಗಾನೆ ಕಡೆಯ ನೆಲಕ್ಕೆ ಬಂಗಾರದ ಬೆಲೆ ಬಂದಿದೆ ಎನ್ನುತ್ತಾರೆ. ಅದರೊಳಗೂ ಬಂಗಾರ ಇದ್ದರೆ ನಿಮಗೇ ಇರಲಿ, ನನಗೆ ಬೇಡ. ಆದರೆ ನನ್ನ ಬಾಯಿ ಮುಚ್ಚಿಸಲು ನೋಡಬೇಡಿ. ನಮ್ಮಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವರು, ಯಾರ ಹಂಗಿಗೂ ಬಿದ್ದವರಲ್ಲ. ನಾನು ಅವರ ಮಗಳು. ಆ ಕಲ್ಲು ಸಾಕ್ಷಿ. ಕೊಡುವುದಿಲ್ಲ. ದೂರಿನ ಅರ್ಜಿ ಬರೆಸುತ್ತಿದ್ದೇನೆ, ಫೋಟೋಗಳೂ ಅದರಲ್ಲಿ ಸೇರುತ್ತವೆ.

ಆದರೂ ನೀವು ಬರೆದಿರುವ ರೀತಿ ನೋಡಿ ಮನಸ್ಸಿಗೆ ಏನೋ ಆಯಿತು. ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ನಮ್ಮಮ್ಮ ಯಲ್ಲಮ್ಮ ಕೈಲಿದ್ದ ಮೊರ ಕೆಳಗಿಟ್ಟು, "ಮಾರಾಯ್ತಿ, ಕಲ್ಲನ್ನ ಯಾರಾದ್ರೂ ಬಟ್ಟೇಲಿ ಸುತ್ತಿಡು ಅಂತಾರಾ? ಅದು ಕಲ್ಲಲ್ಲ ಬಿಡು. ಏನೋ ಇದೆ. ಮೊದ್ಲು ಸುತ್ತಿಡು, ಆಮೇಲೆ ಜಗಳ ಆಡ್ಕೋ" ಎಂದಳು. ಅದಕ್ಕೆ ಸುತ್ತಿಟ್ಟಿದ್ದೇನೆ. ಅಮ್ಮನ ಮಾತಿಗೆ, ನಿಮ್ಮ ಮಾತಿಗಲ್ಲ.

ಇನ್ನೊಂದು ಸಂಗತಿ. ಕಾರು ಗ್ಯಾರೇಜಿನಿಂದ ಬಂದಿದೆ, ಅರ್ಧ ಸಾಲದ ಮೇಲೆ. ಎಲ್ಲ ಸರಿಯಾಗಿದೆ, ರಿವರ್ಸ್ ಸೆನ್ಸರ್ ಒಂದು ಬಿಟ್ಟು. ಹಿಂದೆ ಯಾರಾದರೂ ನಿಂತರೆ ಬೀಪ್ ಬೀಪ್ ಎಂದು ಎಚ್ಚರಿಸುವುದು ಅದರ ಕೆಲಸ. ಈಗ ಹಿಂದೆ ಏನೂ ಇಲ್ಲದಿದ್ದರೂ ಕೂಗುತ್ತದೆ. ಇಳಿದು ನೋಡಿದರೆ ಬರಿ ರಸ್ತೆ. ಭೀಮೇಶ್, "ಬಂಪರ್‌ಗೆ ಪೆಟ್ಟು ಬಿದ್ದಿದೆಯಲ್ಲ, ಸೆನ್ಸರ್‌ಗೆ ತಲೆ ಕೆಟ್ಟಿದೆ, ಹೊಸದು ಹಾಕ್ಬೇಕು" ಎಂದ. ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ.

ಮೈತ್ರಿ


ಶಿವಮೊಗ್ಗ
೧೨ ಜೂನ್ ೨೦೨೫

ಮೈತ್ರಿ,

ನೀನು ಎಂದು ಬರೆಯುತ್ತೇನೆ, ತಪ್ಪು ತಿಳಿಯಬೇಡ. ನನ್ನ ಮಗಳು ಇದ್ದಿದ್ದರೆ ನಿನ್ನದೇ ವಯಸ್ಸು ಆಗುತ್ತಿತ್ತು ಎಂದು ನಿನ್ನ ಕಾಗದ ಓದುವಾಗ ಅನ್ನಿಸಿತು. ಬೈಯುವ ಧಾಟಿಯೂ ಹಾಗೇ ಇರುತ್ತಿತ್ತೇನೋ.

ನಿಧಿ ಎಂದೆಯಲ್ಲ. ನೀನು ಸುಣ್ಣದ ಗಟ್ಟಿ ಎಂದುಕೊಂಡದ್ದು ವಿಭೂತಿ. ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಗುಂಡಿಯ ಒಂದು ಮಗ್ಗುಲಲ್ಲಿ ಗೂಡಿನ ಹಾಗೆ ಅಗೆದು, ಅದರೊಳಗೆ ಪೂಜೆಗೆ ಕೂತ ಹಾಗೆ ಕೂರಿಸುತ್ತೇವೆ. ಸುತ್ತ ವಿಭೂತಿ ಗಟ್ಟಿ ಜೋಡಿಸಿ, ಬದುಕಿದ್ದಾಗ ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟು ಕಳಿಸಿಕೊಡುತ್ತೇವೆ. ಅದನ್ನು ಬೆಳ್ಳಿಯ ಕರಡಿಗೆಯಲ್ಲಿ ಕೊರಳಿಗೆ ಕಟ್ಟಿಕೊಂಡವರನ್ನು ನೀನು ನೋಡಿರುತ್ತೀ. ಒಳಗೆ ಇರುವುದನ್ನು ಬೇರೆಯವರು ನೋಡಿರುವುದಿಲ್ಲ. ಕಪ್ಪಗೆ, ಕೆಳಗೆ ಚಪ್ಪಟೆ, ಮೇಲೆ ಗುಂಡಗೆ ಇರುತ್ತದೆ. ನೀನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದು ನನ್ನ ಮಗಳ ಲಿಂಗ.

ಅವಳ ಹೆಸರು ಸ್ಫೂರ್ತಿ. ಹೋದಾಗ ಎಂಟು ವರ್ಷ. ಎರಡು ಸಾವಿರದ ಮೂರನೇ ಇಸವಿ. ಆಗ ಅಲ್ಲಿ ಮಂಟಪ ಇರಲಿಲ್ಲ, ನಮ್ಮ ಹೊಲ, ಹೊಲದ ಮುಂದೆ ಮನೆ. ನಮ್ಮ ಯಜಮಾನರು ಜೋಳದ ಚೀಲ ತುಂಬಿದ ವ್ಯಾನನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಇವಳು ತಮ್ಮನ ಜೊತೆ ಕಣ್ಣಾಮುಚ್ಚಾಲೆ ಆಡುತ್ತಾ ವ್ಯಾನಿನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಹೊಲದ ಮೂಲೆಯಲ್ಲೇ ಮಣ್ಣು ಮಾಡಿದೆವು. ಆಮೇಲೆ ಅವರು ಯಾವ ಗಾಡಿಯ ಬೀಗದಕೈಯನ್ನೂ ಮುಟ್ಟಲಿಲ್ಲ. ನಾನು ಅವರನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದೇ ಮನೆಯಲ್ಲಿ ಆ ಮಾತು ಬಿಟ್ಟು ಉಳಿದದ್ದೆಲ್ಲ ಆಡಿಕೊಂಡು ಬದುಕಿದೆವು.

ಒಂಬತ್ತು ವರ್ಷದ ಹಿಂದೆ ಮಂಟಪ ಕಟ್ಟಿಸುವಾಗ, ಶುಭಕಾರ್ಯ ನಡೆಯುವ ಕಡೆ ಸಮಾಧಿ ಇದ್ದರೆ ಯಾರು ಬುಕ್ ಮಾಡುತ್ತಾರೆ ಎಂದು ನೆಂಟರೆಲ್ಲ ಹೇಳಿದರು. ಊರಿನ ರುದ್ರಭೂಮಿಗೆ ಸಾಗಿಸುವುದೆಂದಾಯಿತು. ಹೆಂಗಸರು ಬರುವುದು ಬೇಡ ಎಂದರು. ಯಜಮಾನರು ಮತ್ತು ನಮ್ಮ ಮನೆಯ ಪೂಜೆಗೆ ಬರುವ ಅಯ್ಯನವರು ಇಬ್ಬರೇ ಹೋಗಿ, ಬಿಳಿ ಬಟ್ಟೆ ಕಟ್ಟಿದ ತಾಮ್ರದ ಕೊಡದೊಂದಿಗೆ ಬಂದರು. ಅದನ್ನು ರುದ್ರಭೂಮಿಯಲ್ಲಿಟ್ಟು ಗದ್ದುಗೆ ಕಟ್ಟಿಸಿ ಹೆಸರು ಕೆತ್ತಿಸಿದೆವು. ಪ್ರತಿ ವರ್ಷ ಅವಳ ದಿನಕ್ಕೆ ನಾನು ಹೋಗಿ ಹೂವಿಟ್ಟು, ಅವಳಿಗೆ ಇಷ್ಟದ ಕೊಬ್ಬರಿ ಮಿಠಾಯಿ ಇಟ್ಟು ಬರುತ್ತೇನೆ. ಅವರು ಜೊತೆಗೆ ಬಂದರೂ ಗೇಟಿನ ಹೊರಗೇ ನಿಲ್ಲುತ್ತಿದ್ದರು. ಮಗಳ ಮುಂದೆ ನಿಲ್ಲಲು ಮುಖವಿಲ್ಲ ಎಂದು ತಿಳಿದುಕೊಂಡಿದ್ದೆ. ಒಳಗೊಳಗೆ ಅದು ಸರಿಯೇ ಎಂದೂ ಅಂದುಕೊಂಡಿದ್ದೆ.

ನಿನ್ನ ಫೋಟೋ ಬಂದ ದಿನ ಅಯ್ಯನವರ ಮನೆಗೆ ಹೋದೆ. ಫೋಟೋ ಮುಂದಿಟ್ಟೆ. "ಅಮ್ಮಾ, ಯಜಮಾನ್ರು ಗುದ್ದಲಿ ಎತ್ತಿದ್ರು. ಕೈಯಿಂದ ಜಾರಿ ಬಿತ್ತು. 'ಒಂದ್ಸಲ ನನ್ನ ಕೈಯಲ್ಲಾಗಿದ್ದು ಸಾಕು ಅಯ್ಯನೋರೆ, ಮಗೂನ ಇನ್ನೊಂದ್ಸಲ ಅಲ್ಲಾಡ್ಸೋಲ್ಲ' ಅಂತ ಕೂತ್ಬಿಟ್ರು. ಮೇಲಿನ ಮಣ್ಣು ಮಾತ್ರ ಕಟ್ಕೊಂಡು ಬಂದ್ವಿ. ಯಾರಿಗೂ ಹೇಳ್ಬೇಡಿ ಅಂದ್ರು, ಹೇಳ್ಲಿಲ್ಲ" ಎಂದರು.

ಹಾಗಾದರೆ ನಾನು ಇಷ್ಟು ವರ್ಷ ಮಿಠಾಯಿ ಇಟ್ಟದ್ದು ಖಾಲಿ ಗದ್ದುಗೆಗೆ. ಅವರು ಕುರ್ಚಿ ಹಾಕಿಕೊಂಡು ಕೂತದ್ದು ಅವಳ ಪಕ್ಕದಲ್ಲಿ. ಮತ್ತೆ ಯಾವ ಗಾಡಿಯೂ ಅವಳ ಮೇಲೆ ಹೋಗಬಾರದು ಎಂದು ಮಳೆಯಲ್ಲಿ ಬಿಸಿಲಲ್ಲಿ ಕೂತಿದ್ದರು, ನಾನು ನಾಚಿಕೊಳ್ಳುತ್ತಿದ್ದೆ. ಅವರು ಹೋಗಿ ನಾಲ್ಕು ತಿಂಗಳಿಗೆ ಗಾಡಿ ಬಂದೇ ಬಂತು.

ಮಲ್ಲಿಕ್‌ಗೆ ಇದು ಯಾವುದೂ ಗೊತ್ತಿಲ್ಲ. ಅವನಿಗೆ ಆಗ ಐದು ವರ್ಷ, ಅಕ್ಕ ಜ್ವರದಲ್ಲಿ ಹೋದಳು ಎಂದು ಹೇಳಿ ಬೆಳೆಸಿದ್ದೇವೆ. ಈ ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಪಾರ್ಕಿಂಗ್ ಪೂರ್ತಿ ಕಾಂಕ್ರೀಟ್ ಹಾಕಿಸಿಬಿಡುತ್ತೇನೆ ಎನ್ನುತ್ತಿದ್ದಾನೆ. ಇತ್ತ ನೀನು ಆಯೋಗದವರಿಂದ ಅಗೆಸುತ್ತೇನೆ ಎನ್ನುತ್ತಿದ್ದೀ. ಇಬ್ಬರ ನಡುವೆ ನನ್ನ ಮಗಳಿದ್ದಾಳೆ. ಕೈಯಲ್ಲಿ ಲಿಂಗವೂ ಇಲ್ಲದೆ ಕೂತಿದ್ದಾಳೆ.

ನಿನಗೆ ನಂಬಿಕೆ ಬರದಿದ್ದರೆ ಕೇಸು ಹಾಕು, ನಾನು ಬೇಡ ಎನ್ನುವುದಿಲ್ಲ, ನಷ್ಟ ಆಗಿರುವುದು ನಿನಗೆ. ಲಿಂಗವನ್ನು ಮಾತ್ರ ಕೊಡು. ಕೈಮುಗಿದು ಕೇಳುತ್ತೇನೆ.

ಸುಭದ್ರಮ್ಮ


ಭದ್ರಾವತಿ
೧೭ ಜೂನ್ ೨೦೨೫

ಅಮ್ಮಾ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಮಿಕ್ಕದ್ದನ್ನು ಅಪ್ಪ ಓದಿದರು. ಅಮ್ಮ ಎದ್ದು ಹೋಗಿ ತನ್ನ ಮದುವೆಯ ಸೀರೆಯ ಪೆಟ್ಟಿಗೆಯಿಂದ ಮಡಿ ಬಟ್ಟೆ ತೆಗೆದು ಅದನ್ನು ಬೇರೆ ಸುತ್ತಿ ದೇವರ ಮಾಡದಲ್ಲಿ ಇಟ್ಟಳು. "ಪಾಪದ ಮಗು, ನಮ್ಮನೇಲಿ ನಾಕು ದಿನ ಇದ್ದು ಹೋಗ್ಲಿ" ಎಂದಳು. ಅರ್ಜಿಯನ್ನು ಹರಿದು ಹಾಕಿದ್ದೇನೆ. ಫೋಟೋಗಳನ್ನು ಫೋನಿನಿಂದಲೂ ತೆಗೆದೆ.

ನಿಮಗೆ ಎರಡು ವಿಷಯ ಹೇಳಬೇಕು. ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಕುರ್ಚಿ ಇತ್ತು. ನಾನೇ ತೆಗೆದೆ. ತಡವಾಗಿತ್ತು, ಹುಡುಗಿಯ ಕಡೆಯವರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು, ಬೇರೆ ಎಲ್ಲೂ ಜಾಗವಿರಲಿಲ್ಲ. ಇಳಿದು, ಕುರ್ಚಿಯನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟೆ. ಅದರ ಕೈಗೆ ಬಣ್ಣಬಣ್ಣದ ದಾರಗಳನ್ನು ಒಂದರ ಮೇಲೊಂದು ಕಟ್ಟಿದ್ದರು, ಬಿಸಿಲಿಗೆ ಬಣ್ಣ ಹೋಗಿತ್ತು. ಬಲೂನಿಗೆ ಕಟ್ಟುವ ದಾರ. ಒಂದೆರಡರ ತುದಿಯಲ್ಲಿ ಒಡೆದ ಬಲೂನಿನ ಚೂರು ಇನ್ನೂ ಇತ್ತು. ಯಾರೋ ಮಕ್ಕಳು ಕಟ್ಟಿರಬೇಕು ಎಂದುಕೊಂಡೆ. ಕುರ್ಚಿ ಇರಲಿಲ್ಲ ಎಂದು ನಿಮಗೆ ಸುಳ್ಳು ಬರೆದೆ, ಪರಿಹಾರ ಕೈತಪ್ಪುತ್ತದೆ ಎಂಬ ಹೆದರಿಕೆಗೆ.

ಎರಡನೆಯದು ಆ ಬೀಪ್. ಅದು ಪೆಟ್ಟು ಬಿದ್ದ ಮೇಲೆ ಶುರುವಾದದ್ದಲ್ಲ. ಭೀಮೇಶನಿಗೂ ಇದನ್ನು ಹೇಳಿಲ್ಲ. ಅವತ್ತು ನಾನು ಆ ಮೂಲೆಗೆ ರಿವರ್ಸ್ ತೆಗೆಯುತ್ತಿದ್ದಾಗಲೇ, ಚಕ್ರ ಇಳಿಯುವುದಕ್ಕೆ ಮೊದಲೇ ಕೂಗಿತು. ಗೋಡೆ ಇನ್ನೂ ದೂರವಿತ್ತು. ಕನ್ನಡಿಯಲ್ಲಿ ನೋಡಿದೆ, ಯಾರೂ ಇರಲಿಲ್ಲ. ಬೀಪ್ ಜಾಸ್ತಿಯಾಯಿತು, ತೀರಾ ಹತ್ತಿರದಲ್ಲಿ ಯಾರೋ ನಿಂತಿದ್ದಾರೆ ಎಂದರೆ ಹೇಗೆ ಒಂದೇ ಸಮ ಕೂಗುತ್ತದೋ ಹಾಗೆ. "ಥೂ, ಸುಮ್ನಿರೋ" ಎಂದು ಬೈದು ಆಕ್ಸಿಲರೇಟರ್ ಒತ್ತಿದೆ. ಆಮೇಲೆ ನೆಲ ಕುಸಿಯಿತು. ಅವತ್ತಿನಿಂದ ನನಗೆ ಆ ಸದ್ದು ಕೇಳಿದರೆ ಹೆದರಿಕೆಯಾಗುತ್ತದೆ. ಕೆಟ್ಟು ಹೋಗಿದೆ ಎಂದು ನನಗೆ ನಾನೇ ಹೇಳಿಕೊಂಡು ಓಡಿಸುತ್ತಿದ್ದೆ.

ಬರುವ ಸೋಮವಾರ, ಇಪ್ಪತ್ತಮೂರಕ್ಕೆ, ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತೇನೆ. ಕಾರು ತರುವುದಿಲ್ಲ. ಲಿಂಗವನ್ನು ಮಡಿಲಲ್ಲಿ ಇಟ್ಟುಕೊಂಡು ಬರಬೇಕು ಎಂದು ಅಮ್ಮ ಹೇಳಿದ್ದಾಳೆ.

ಮೈತ್ರಿ


ಶಿವಮೊಗ್ಗ
೧೦ ಜುಲೈ ೨೦೨೫

ಪ್ರೀತಿಯ ಮೈತ್ರಿ,

ನೀನು ಬಂದ ದಿನ ನಾನು ಸರಿಯಾಗಿ ಮಾತಾಡಲಿಲ್ಲ. ಬಾಗಿಲಲ್ಲೇ ಬಟ್ಟೆಯ ಗಂಟು ಕೈಗೆ ಬಂದ ಕೂಡಲೇ ಎದೆಗೊತ್ತಿಕೊಂಡು ದೇವರ ಮನೆಗೆ ಹೋಗಿಬಿಟ್ಟೆ. ಒಂದು ಲೋಟ ಕಾಫಿಯನ್ನೂ ಕೊಡದೆ ಕಳಿಸಿದೆ. ನೀನು ತಪ್ಪು ತಿಳಿಯುವವಳಲ್ಲ ಎಂದು ನಂಬಿದ್ದೇನೆ.

ಅವತ್ತೇ ಮಲ್ಲಿಕ್‌ನನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕಾಂಕ್ರೀಟ್‌ನವನಿಗೆ ಮುಂಗಡ ಕೊಟ್ಟಾಗಿತ್ತು. ಮಲ್ಲಿಕ್ ಅವನಿಗೆ ಫೋನ್ ಮಾಡಿ ಕೆಲಸ ಬೇಡ ಎಂದ. ಆಮೇಲೆ, "ಅಮ್ಮಾ, ಅವತ್ತು ನಾನು ಗೋಡೆಗೆ ಮುಖ ಮಾಡ್ಕೊಂಡು ಎಣಿಸ್ತಿದ್ದೆ ಅಲ್ವಾ?" ಎಂದ. "ಯಾವಾಗ್ಲೂ ಕನಸಲ್ಲಿ ಎಣಿಸ್ತಾ ಇರ್ತೀನಿ, ಯಾಕೆ ಅಂತ ಗೊತ್ತಿರ್ಲಿಲ್ಲ" ಎಂದ. ಜ್ವರ ಎಂದು ಹೇಳಿ ನಾವು ಅವನನ್ನು ಕಾಪಾಡಿದ್ದೇವೆ ಎಂದುಕೊಂಡಿದ್ದೆವು. ಅವನು ಒಬ್ಬನೇ ಎಣಿಸುತ್ತಾ ಉಳಿದಿದ್ದ.

ಅಯ್ಯನವರನ್ನು ಕರೆಸಿ ಬಿಲ್ಲೆ ಎತ್ತಿಸಿದೆವು. ಸತೀಶ್ ಸುರಿಸಿದ್ದ ಮರಳನ್ನು ಮಲ್ಲಿಕ್ ತಾನೇ ಕೈಯಿಂದ ತೋಡಿ ತೆಗೆದ. ಸಾಗಿಸೋಣವೇ ಎಂದು ಅಯ್ಯನವರು ಕೇಳಿದರು. ಬೇಡ ಎಂದೆ. ಅವಳ ಅಪ್ಪ ಅಲ್ಲಾಡಿಸುವುದಿಲ್ಲ ಎಂದಿದ್ದರು, ನಾನೂ ಅಲ್ಲಾಡಿಸುವುದಿಲ್ಲ. ಹೆಂಗಸರು ಇಳಿಯುವ ಪದ್ಧತಿ ಇಲ್ಲ ಎಂದು ಯಾರೋ ಅಂದರು. ನಾನು ಇಳಿದೆ. ಹೊಸ ವಿಭೂತಿ ಗಟ್ಟಿ ಜೋಡಿಸಿ, ಲಿಂಗವನ್ನು ನನ್ನ ಕೈಯಿಂದಲೇ ಅವಳ ಹತ್ತಿರ ಇಟ್ಟೆ. ಈಗ ಅಲ್ಲಿ ಮೊಳಕಾಲೆತ್ತರದ ಕಟ್ಟೆ ಕಟ್ಟಿಸುತ್ತಿದ್ದೇವೆ. ಬುಕ್ ಮಾಡುವವರು ಮಾಡಲಿ, ಬಿಡುವವರು ಬಿಡಲಿ.

ಕುರ್ಚಿಯ ದಾರಗಳನ್ನು ನೋಡಿದೆ. ನೀನು ಬರೆಯುವವರೆಗೆ ನಾನು ಅದನ್ನು ಹತ್ತಿರ ಹೋಗಿ ನೋಡಿಯೇ ಇರಲಿಲ್ಲ. ಪ್ರತಿ ಮದುವೆಯಲ್ಲೂ ಅಲಂಕಾರದ ಬಲೂನೊಂದನ್ನು ಕೇಳಿ ತೆಗೆದುಕೊಂಡು ಹೋಗುತ್ತಿದ್ದರಂತೆ. ಸತೀಶ್ ಈಗ ಹೇಳುತ್ತಾನೆ.

ಇದರೊಂದಿಗೆ ಚೆಕ್ಕು ಇದೆ. ನಿನ್ನ ಪಟ್ಟಿಯಲ್ಲಿದ್ದುದೆಲ್ಲ ಸೇರಿದೆ, ಬಿಟ್ಟುಹೋದ ಮದುವೆಗಳದ್ದು, ಸೆನ್ಸರ್‌ನದ್ದು, ಎಲ್ಲ. ಇದು ಬಾಯಿ ಮುಚ್ಚಿಸಲು ಕೊಟ್ಟದ್ದಲ್ಲ. ನನ್ನ ಜಾಗದಲ್ಲಿ ನಿನ್ನ ಗಾಡಿ ಹಾಳಾಯಿತು, ಅದಕ್ಕೆ. ಕುರ್ಚಿ ತೆಗೆದೆ ಎಂದು ಬೇಡ ಎನ್ನಬೇಡ. ಬರಿ ಕುರ್ಚಿ ನೋಡಿ ಕೆಳಗೆ ಮಗು ಇದೆ ಎಂದು ಯಾರಿಗೆ ತಿಳಿಯಬೇಕು? ನನಗೇ ತಿಳಿದಿರಲಿಲ್ಲ.

ಒಂದು ಮಾತು ಕೇಳುತ್ತೇನೆ. ಆ ಬೀಪ್ ಬಗ್ಗೆ ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಮ್ಮ ವ್ಯಾನಿಗೆ ಅಂಥದ್ದು ಇರಲಿಲ್ಲ, ಮೈತ್ರಿ. ಲಿಂಗ ಕೊಟ್ಟು ಹೋದ ಮೇಲೆ ನಿನ್ನ ಕಾರಿನಲ್ಲಿ ಆ ಸದ್ದು ನಿಂತಿತೇ? ಯಾವ ಉತ್ತರ ಬಂದರೆ ನನಗೆ ಸಮಾಧಾನವಾಗುತ್ತದೆ ಎಂದು ನನಗೇ ಗೊತ್ತಿಲ್ಲ. ನಿಜ ಬರೆ.

ಸುಭದ್ರಮ್ಮ


ಭದ್ರಾವತಿ
೧೯ ನವೆಂಬರ್ ೨೦೨೫

ಪ್ರೀತಿಯ ಅಮ್ಮಾ,

ಉತ್ತರ ತಡವಾಯಿತು. ಅದು ಕೆಲಸದಿಂದಲ್ಲ. ನಿಂತಿತು ಅಮ್ಮಾ, ಅವಳು ನೆಮ್ಮದಿಯಾಗಿದ್ದಾಳೆ ಎಂದು ಬರೆದೆ, ಕವರಿಗೆ ಅಂಟು ಹಚ್ಚುವುದಕ್ಕೆ ಮುಂಚೆ ಹರಿದೆ. ಕೂಗುತ್ತಲೇ ಇದೆ ಎಂದು ಬರೆದೆ, ಅದನ್ನೂ ಹರಿದೆ. ನಿಮಗೆ ಹಗಲು ರಾತ್ರಿ ಅದೇ ಚಿಂತೆಯಾಗುತ್ತದೆ ಎಂದು ಹೆದರಿದೆ. ಒಂದು ಸಲ ನಿಮಗೆ ಸುಳ್ಳು ಬರೆದದ್ದು ಸಾಕು, ಅದಕ್ಕೆ ಈಗ ಇದ್ದುದನ್ನು ಇದ್ದ ಹಾಗೆ ಬರೆಯುತ್ತೇನೆ.

ಶ್ರಾವಣದಲ್ಲಿ ಒಂದು ಭಾನುವಾರ ನಿಮ್ಮ ಮಂಟಪದಲ್ಲೇ ಮದುವೆ ಒಪ್ಪಿಕೊಂಡಿದ್ದೆ. ಕಾರನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಪೆಟ್ಟಿಗೆ ಹೊತ್ತುಕೊಂಡು ಒಳಗೆ ಹೋದೆ. ಕೆಲಸ ಮುಗಿಸಿ ಹೊರಗೆ ಬಂದಾಗ ನಿಮ್ಮನ್ನು ನೋಡಿದೆ. ಹಿಂದಿನ ಮೂಲೆಯಲ್ಲಿ, ಹೊಸ ಕಟ್ಟೆಯ ಪಕ್ಕ, ಅದೇ ಕುರ್ಚಿಯಲ್ಲಿ ಕೂತಿದ್ದಿರಿ. ತೊಡೆಯ ಮೇಲೆ ಊಟದ ಎಲೆ. ಕುರ್ಚಿಯ ಕೈಗೆ ಕೆಂಪು ಬಲೂನು ಕಟ್ಟಿತ್ತು, ಗಾಳಿಗೆ ಆಡುತ್ತಿತ್ತು. ನೀವು ತಲೆ ಬಗ್ಗಿಸಿ ಯಾರ ಹತ್ತಿರವೋ ಮಾತಾಡುತ್ತಿದ್ದಿರಿ. ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಹತ್ತಿರ ಬರಲಿಲ್ಲ. ಆ ಮಾತಿನ ನಡುವೆ ಬರಬಾರದು ಅನ್ನಿಸಿತು.

ಕಾರು ಹತ್ತಿ ರಿವರ್ಸ್ ಹಾಕಿದೆ. ಕೂಗಿತು. ಕನ್ನಡಿಯಲ್ಲಿ ಯಾರೂ ಇಲ್ಲ. ಮೊದಲಾಗಿದ್ದರೆ ಬೈದು ಒತ್ತುತ್ತಿದ್ದೆ. ಗಾಡಿ ನಿಲ್ಲಿಸಿ ಇಳಿದೆ. ಹಿಂದೆ ಹೋಗಿ ನೋಡಿದೆ, ಬಗ್ಗಿ ಕೆಳಗೂ ನೋಡಿದೆ. ಬರಿ ನೆಲ. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಅಲ್ಲೇ ನಿಂತು, "ಸರಿ ಕಣೇ, ಸಿಕ್ಬಿದ್ದೆ. ಪಕ್ಕಕ್ಕೆ ಬಾ, ಗಾಡಿ ತೆಗೀತೀನಿ" ಎಂದೆ. ಹಾಗೇಕೆ ಅಂದೆನೋ ತಿಳಿಯದು. ಕಣ್ಣಾಮುಚ್ಚಾಲೆಯಲ್ಲಿ ಹುಡುಕಿದವರು ಹಾಗೆ ಹೇಳದೆ ಬಚ್ಚಿಟ್ಟುಕೊಂಡವರು ಎದ್ದು ಬರುವುದಿಲ್ಲವಲ್ಲ. ಮತ್ತೆ ಹತ್ತಿ ರಿವರ್ಸ್ ಹಾಕಿದೆ. ಸದ್ದು ಬರಲಿಲ್ಲ. ನಿಧಾನಕ್ಕೆ ತೆಗೆದುಕೊಂಡು ಭದ್ರಾವತಿಗೆ ಬಂದೆ.

ಈಗಲೂ ಯಾವಾಗಲಾದರೊಮ್ಮೆ ಕೂಗುತ್ತದೆ. ಆಗೆಲ್ಲ ಇಳಿದು ನೋಡುತ್ತೇನೆ. ಹೋದ ತಿಂಗಳು ನಮ್ಮ ಬೀದಿಯಲ್ಲಿ ಹಾಗೆ ಇಳಿದಾಗ, ನೆರೆಮನೆಗೆ ಮೈಸೂರಿನಿಂದ ಬಂದಿದ್ದ ಪುಟ್ಟ ಮಗುವೊಂದು ನಿಜವಾಗಿಯೂ ಬಂಪರಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಇರುವೆ ನೋಡುತ್ತಿತ್ತು. ಎತ್ತಿಕೊಂಡು ಅದರ ಅಜ್ಜಿಯ ಕೈಗೆ ಕೊಟ್ಟೆ. ಆಮೇಲೆ ಸ್ಟೀರಿಂಗ್ ಹಿಡಿದುಕೊಂಡು ಅತ್ತೆ.

ಭೀಮೇಶ್ ಹೊಸ ಸೆನ್ಸರ್ ತರಿಸಿ ಇಟ್ಟಿದ್ದಾನೆ, ಯಾವಾಗ ಬರ್ತೀಯಾ ಎಂದು ಕೇಳುತ್ತಲೇ ಇರುತ್ತಾನೆ. ನೀವು ಕೊಟ್ಟ ಪರಿಹಾರದಲ್ಲಿ ಆಕ್ಸಲ್, ಬಂಪರ್ ಎಲ್ಲದ್ದೂ ಸರಿಹೋಯಿತು, ಅವು ನನ್ನ ಹಕ್ಕು, ಇಟ್ಟುಕೊಂಡಿದ್ದೇನೆ. ಸೆನ್ಸರ್‌ನದ್ದಷ್ಟನ್ನು ಮಾತ್ರ ಈ ಕಾಗದದ ಜೊತೆ ಚೆಕ್ಕಿನಲ್ಲಿ ವಾಪಸ್ ಕಳಿಸುತ್ತಿದ್ದೇನೆ.

ಅದನ್ನು ನಾನು ರಿಪೇರಿ ಮಾಡಿಸುವುದಿಲ್ಲ, ಅಮ್ಮಾ.

ನಿಮ್ಮ,
ಮೈತ್ರಿ